ನೂರ ಹದಿಮೂರನೆಯ ಪುಟದ ಓಮ್‌ನ ನಿಯಮ

"ನಾಳೆ ಸಂಜೆಯೊಳಗೆ ಈ ಮನೆಯ ಕರೆಂಟು ನನ್ನ ಮಾತು ಕೇಳುತ್ತೆ! ಎಷ್ಟು ಬಿಸಿಯಾಗು ಅಂತೀನೋ ಅಷ್ಟೇ ಬಿಸಿಯಾಗುತ್ತೆ. ಕೂದಲೆಳೆಯಷ್ಟು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ!"

ಶುಕ್ರವಾರ ಸಂಜೆ ಕಾಗುಣಿತ ಹೀಗೆ ಘೋಷಿಸಿದಾಗ ಅವನ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಘೋಷಣೆ ಮುಗಿದ ಮೇಲೂ ಮಡಚುತ್ತಲೇ ಇದ್ದಳು.

"ಮೊದಲು ಅಡುಗೆಮನೆ ನಲ್ಲಿ ನಿಮ್ಮ ಮಾತು ಕೇಳಲಿ ರೀ. ಮೂರು ತಿಂಗಳಿಂದ ತೊಟ್ಟಿಕ್ತಾ ಇದೆ."

"ನಲ್ಲಿಗೆ ನಿಯಮ ಇಲ್ಲ ಕಣೇ. ಕರೆಂಟಿಗೆ ಇದೆ. ಓಮ್‌ನ ನಿಯಮ! ವೋಲ್ಟನ್ನ ಆಂಪಿಯರಿನಿಂದ ಭಾಗಿಸಿದರೆ ರೋಧ. ಅದು ಗೊತ್ತಿದ್ದವನ ಮುಂದೆ ಕರೆಂಟು ಕೈಕಟ್ಟಿ ನಿಲ್ಲುತ್ತೆ."

"ನಿಲ್ಲಲಿ ಬಿಡಿ. ನೀವು ಮಾತ್ರ ಅದರ ಹತ್ತಿರ ನಿಲ್ಲಬೇಡಿ."

ಕಾಗುಣಿತ ಅವನ ನಿಜವಾದ ಹೆಸರೇನಲ್ಲ. ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಅವನದು. ಮದುವೆಯ ಕರೆಯೋಲೆ ಬಂದರೆ ಮೊದಲು ತಪ್ಪು ಹುಡುಕಿ ಗುರುತು ಹಾಕಿ, ಆಮೇಲೆ ಮದುವೆ ಯಾರದು ಎಂದು ನೋಡುವವನಿಗೆ ಬೇರೆ ಯಾವ ಹೆಸರು ಹೊಂದೀತು? ಆ ಪ್ರೆಸ್ಸಿನಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಒಂದೇ ಪುಸ್ತಕವನ್ನು ಇಬ್ಬರು ಹಂಚಿಕೊಂಡು ತಿದ್ದಬೇಕು. ಒಂದು, ಮೂರು, ಐದು ಎಂದು ಬೆಸಪುಟಗಳೆಲ್ಲ ಕಾಗುಣಿತನಿಗೆ. ಎರಡು, ನಾಲ್ಕು, ಆರು ಎಂದು ಸಮಪುಟಗಳೆಲ್ಲ ಎದುರು ಮೇಜಿನವನಿಗೆ. ಇದಕ್ಕೆ ಯಜಮಾನರು ಕೊಡುತ್ತಿದ್ದ ಕಾರಣ ಹೀಗಿತ್ತು:

"ಪುಸ್ತಕ ರುಚಿ ಹತ್ತಿತೋ, ಕಣ್ಣು ತಪ್ಪನ್ನ ಹಾರ್ಕೊಂಡು ಮುಂದೆ ಓಡುತ್ತೆ. ನಿಮಗೆ ಪುಸ್ತಕ ಅರ್ಥ ಆಗಬಾರದು ಕಣ್ರಯ್ಯಾ! ಈ ಕೆಲಸಕ್ಕೆ ಅದೇ ಮೊದಲ ಅರ್ಹತೆ!"

ಹೀಗಾಗಿ ಹದಿನೆಂಟು ವರ್ಷಗಳಲ್ಲಿ ಇಬ್ಬರೂ ಸಾವಿರಾರು ಪುಸ್ತಕಗಳನ್ನು ಅರ್ಧರ್ಧ ಓದಿದ್ದರು. ಪ್ರೆಸ್ಸಿಗೆ ಪತ್ತೇದಾರಿ ಕಾದಂಬರಿ ಬಂದರೆ ಕಾಗುಣಿತನಿಗೆ ಕೊಲೆಯಾದದ್ದು ಗೊತ್ತಾಗುತ್ತಿತ್ತು, ಎದುರು ಮೇಜಿನವನಿಗೆ ಯಾರನ್ನೋ ಹಿಡಿದದ್ದು ಗೊತ್ತಾಗುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಇಬ್ಬರೂ ತಮ್ಮ ತಮ್ಮ ಅರ್ಧ ಹೇಳಿ ಕತೆ ಜೋಡಿಸುತ್ತಿದ್ದರು. ಆದರೆ ಹತ್ತನೆಯ ತರಗತಿಯ ವಿಜ್ಞಾನವನ್ನು ಊಟದ ಹೊತ್ತಿನಲ್ಲಿ ಯಾರು ಜೋಡಿಸುತ್ತಾರೆ?

ಕಾಗುಣಿತ ತೀರಿಹೋಗಿ ಏಳು ತಿಂಗಳಾಯಿತು. ಇದ್ದಷ್ಟು ದಿನ ಈ ಕತೆಯನ್ನು ಅವನೇ ಹೇಳುತ್ತಿದ್ದ. ಹೇಳಿದ ಪ್ರತಿ ಸಲವೂ ಅದರಲ್ಲಿ ಹೊಗೆ ಇನ್ನಷ್ಟು ದಟ್ಟವಾಗುತ್ತಿತ್ತು. ಈಗ ಹೇಳುವ ಸರದಿ ಎದುರು ಮೇಜಿನವನಿಗೆ ಬಂದಿದೆ. ಆದ್ದರಿಂದ ಇಲ್ಲಿ ಹೊಗೆ ಇದ್ದಷ್ಟೇ ಇದೆ. ಅಷ್ಟೇ ಬೇಕಾದಷ್ಟಿತ್ತು.

ಕರೆಂಟಿನ ಮೇಲೆ ಅವನಿಗೆ ಈ ಪರಿ ಹಠ ಹುಟ್ಟಲು ಕಾರಣ ಅವನ ಮಾವ. ಮಾವ ಮೂವತ್ತೈದು ವರ್ಷ ಲೈನ್‌ಮನ್ ಆಗಿದ್ದವರು. ಗಾಳಿಯಲ್ಲಿ ತಂತಿ ಗುಂಯ್‌ಗುಟ್ಟಿದರೆ ಅದರ ಕಷ್ಟಸುಖ ಹೇಳಬಲ್ಲವರು. ಮದುವೆಯಾದ ಮೊದಲ ತಿಂಗಳು ಕಾಗುಣಿತ ಅವರ ಮನೆಯಲ್ಲಿ ಬಲ್ಬು ಬದಲಾಯಿಸಲು ಹೋಗಿ ಬಲ್ಬು, ಹೋಲ್ಡರು ಮತ್ತು ಸ್ವಲ್ಪ ಗಾರೆಯನ್ನೂ ಕೈಗೆ ಕಿತ್ತುಕೊಂಡು ಕೆಳಗಿಳಿದಿದ್ದ. ಅಂದಿನಿಂದ ಮಾವ ಅವನನ್ನು ಸ್ವಿಚ್ಚಿನ ಹತ್ತಿರವೂ ಬಿಟ್ಟಿರಲಿಲ್ಲ. ಫೋನಿನಲ್ಲಿ ಏನು ಹೇಳಹೊರಟರೂ ಅವರ ಮೊದಲ ಮಾತು ಒಂದೇ: "ಮೇನ್ ಆಫ್ ಮಾಡಿದೀರಾ ಅಳಿಯಂದ್ರೇ?" ಒಮ್ಮೆ ಸೈಕಲ್ ಪಂಕ್ಚರ್ ಆಗಿದೆ ಎಂದಾಗಲೂ ಅದನ್ನೇ ಕೇಳಿದ್ದರು.

ಈ ಮಾವ ಒಮ್ಮೆ, ಒಂದೇ ಒಂದು ಸಲ, "ಶಭಾಷ್" ಎಂದುಬಿಡಬೇಕು. ಇದು ಕಾಗುಣಿತನ ಹದಿನೆಂಟು ವರ್ಷಗಳ ಆಸೆ. ಅವನಿಗೆ ಬಡ್ತಿ ಬೇಡವಾಗಿತ್ತು, ಬಿರುದು ಬೇಡವಾಗಿತ್ತು. ಮಾವನ ಬಾಯಿಂದ ಮೂರೇ ಅಕ್ಷರ ಸಾಕಾಗಿತ್ತು.

ಅವಕಾಶ ತಾನಾಗಿ ಮನೆಗೆ ಬಂತು. ಸೊಂಟ ಹಿಡಿದುಕೊಂಡು ಮಾವ ಒಂದು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದರು. ಬರುವಾಗ ತಮ್ಮ ಹಳೆಯ ಹೀಟಿಂಗ್ ಪ್ಯಾಡನ್ನೂ ತಂದರು. ಅದು ದಿಂಬಿನಷ್ಟು ಅಗಲದ, ಎರಡು ದಿಂಬಿನಷ್ಟು ಉದ್ದದ ಬಟ್ಟೆಯ ಚೀಲ. ಒಳಗೆ ಉದ್ದಕ್ಕೂ ಹಾವಿನಂತೆ ಹರಿದಾಡಿದ ಸಣ್ಣ ತಂತಿ. ಹೆಚ್ಚು ಕಡಿಮೆ ಮಾಡುವ ಗುಂಡಿ ಗಿಂಡಿ ಇಲ್ಲ. ಹಚ್ಚಿದರೆ ಒಂದೇ ಹದ. ಆ ಹದ ಈ ವಯಸ್ಸಿಗೆ ಸ್ವಲ್ಪ ಹೆಚ್ಚಾಯಿತೆಂದು ಮಾವ ಗೊಣಗಿದರು.

"ಇದರ ಅರ್ಧ ಬಿಸಿ ಇದ್ದಿದ್ರೆ ಸಾಕಿತ್ತಮ್ಮಾ."

"ಒಂದು ಟವಲ್ ಮಡಚಿ ಮೇಲೆ ಹಾಕ್ಕೊಂಡು ಕೂತ್ಕೋ ಅಪ್ಪ," ಎಂದಳು ಮಗಳು.

ಲೋಕದಲ್ಲಿ ಇಷ್ಟು ಸುಲಭದ ಪರಿಹಾರಗಳಿರುವಾಗ ದೊಡ್ಡ ಕೆಲಸಗಳು ಹೇಗೆ ನಡೆಯಬೇಕು? "ಟವಲ್ಲಂತೆ!" ಎಂದು ಕಾಗುಣಿತ ಕಿವಿ ಮುಚ್ಚಿಕೊಂಡ. ಅದೇ ವಾರ ಹತ್ತನೆಯ ತರಗತಿಯ ವಿಜ್ಞಾನ ಏಳನೆಯ ಮುದ್ರಣಕ್ಕೆ ಬಂದಿತ್ತು. ನೂರ ಹದಿಮೂರನೆಯ ಪುಟ ಅವನ ಮೇಜಿನ ಮೇಲೆ ಇನ್ನೂ ಬಿಸಿಬಿಸಿಯಾಗಿತ್ತು. ಆ ಪುಟದಲ್ಲಿ ಓಮ್‌ನ ನಿಯಮ ಇತ್ತು, ಒಂದು ಉದಾಹರಣೆ ಇತ್ತು, ಶಾಖ ಹುಟ್ಟುವುದು ತಂತಿಯ ರೋಧದಿಂದಲೇ ಎಂಬ ಮಾತೂ ಇತ್ತು. ಇನ್ನೇನು ಬೇಕು? ರೋಧ ಅರ್ಧ ಮಾಡಿದರೆ ಬಿಸಿಯೂ ಅರ್ಧ! ಅರ್ಧ ಬಿಸಿ ಕೊಟ್ಟರೆ ಮಾವ ಖುಷಿ! ಮಾವ ಖುಷಿಯಾದರೆ ಶಭಾಷ್!

ಶನಿವಾರ ಬೆಳಿಗ್ಗೆ ವೋಲ್ಟು, ಆಂಪಿಯರು ಎಲ್ಲ ಅಳೆಯುವ ಹೊಸ ಮಲ್ಟಿಮೀಟರ್ ಬಂತು. ಅದರಲ್ಲಿ ರೋಧವನ್ನು ನೇರವಾಗಿ ತೋರಿಸುವ ಸೌಕರ್ಯವೂ ಇದೆ ಎಂದು ಹೆಂಡತಿ ಡಬ್ಬದ ಮೇಲಿನ ಚಿತ್ರ ನೋಡಿ ಹೇಳಿದಳು.

"ಅದು ಕಾಪಿ ಹೊಡೆದ ಹಾಗೆ. ನಾನು ಲೆಕ್ಕ ಹಾಕಿಯೇ ಕಂಡುಹಿಡೀತೀನಿ."

ಮೊದಲು ವೋಲ್ಟು. ಮೀಟರಿನ ಕಪ್ಪು ಕಡ್ಡಿ ಗೋಡೆಯ ಪ್ಲಗ್ಗಿನ ಒಂದು ತೂತಿಗೆ, ಕೆಂಪು ಕಡ್ಡಿ ಇನ್ನೊಂದು ತೂತಿಗೆ. ಇನ್ನೂರ ಮೂವತ್ತು! ಕಾಗುಣಿತ ಆ ಅಂಕಿಯನ್ನು ಮನೆಯವರಿಗೆಲ್ಲ ಕೇಳುವಂತೆ ಓದಿದ. ಒಳಗಿನ ಕೋಣೆಯಿಂದ ಮಾವ ಕೆಮ್ಮಿದರು. ಅದು ಮೆಚ್ಚಿಗೆಯ ಕೆಮ್ಮಿನಂತೆಯೇ ಕೇಳಿಸಿತು.

ಮುಂದಿನದು ಆಂಪಿಯರ್. ಕೆಂಪು ತಂತಿಯನ್ನು ಮೀಟರಿನಲ್ಲಿ ಆಂಪಿಯರಿನ ಗೂಡಿಗೆ ಬದಲಾಯಿಸಿದ. ವೋಲ್ಟು ಸಿಕ್ಕಿದ ತೂತುಗಳಲ್ಲೇ ಆಂಪಿಯರೂ ಸಿಗಬೇಕಲ್ಲವೇ? ಒಂದೇ ಅಂಗಡಿಯಲ್ಲಿ ಅಕ್ಕಿಯೂ ಬೇಳೆಯೂ ಸಿಗುವುದಿಲ್ಲವೇ? ಅದೇ ಎರಡು ತೂತಿಗೆ ಅದೇ ಎರಡು ಕಡ್ಡಿ ಇಟ್ಟ.

ಫಟ್!

ನೀಲಿಯ ಒಂದು ಹೂವು ಅರಳಿ ಮುಚ್ಚಿತು. ಫ್ರಿಜ್ಜು ಗೊರಕೆ ನಿಲ್ಲಿಸಿತು. ಫ್ಯಾನು ನಿಧಾನವಾಗಿ ನಿಂತು ಅವನನ್ನೇ ನೋಡಿತು. ಬಟ್ಟೆ ಒಗೆಯುವ ಮೆಷಿನ್ನು ಹೆಂಡತಿಯ ಬಿಳಿ ಕೋಟನ್ನು ಬಾಯಲ್ಲಿಟ್ಟುಕೊಂಡು ಮೌನವಾಯಿತು. ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಆ ಕೋಟು ಹಾಕಿಕೊಂಡು ಅವಳು ಮೂರು ಗಂಟೆಗೆ ಅಲ್ಲಿರಬೇಕಿತ್ತು.

ಒಳಗಿನಿಂದ ಮಾವನ ಧ್ವನಿ ಶಾಂತವಾಗಿ ತೇಲಿ ಬಂತು:

"ಆಂಪಿಯರ್ ಅಳೆಯೋಕೆ ಮೀಟರನ್ನ ನೇರವಾಗಿ ಪ್ಲಗ್ಗಿಗೆ ಕೊಟ್ರಾ ಅಳಿಯಂದ್ರೇ?"

"ನಿಮಗೆ ಹೇಗೆ ಗೊತ್ತಾಯ್ತು ಮಾವ?"

"ಶಬ್ದ ಕೇಳಿದ್ರೆ ಗೊತ್ತಾಗಲ್ವಾ? ನನ್ನ ಸರ್ವಿಸಿನಲ್ಲಿ ಈ ಶಬ್ದ ಮಾಡಿದೋರು ನಾಲ್ಕು ಜನ. ನೀವು ಐದನೆಯವರು. ಕರೆಂಟು ಅಳೀಬೇಕಾದ್ರೆ ಅದು ಹೋಗೋ ದಾರಿ ಕಡಿದು, ಮಧ್ಯದಲ್ಲಿ ಮೀಟರನ್ನ ಸೇರಿಸಬೇಕು. ನೀವು ಕರೆಂಟಿಗೆ ಅಡ್ಡದಾರಿ ತೋರಿಸಿದ್ರಿ, ಅದು ಕಿತ್ಕೊಂಡು ಓಡ್ತು."

ಹೆಂಡತಿ ಸ್ಟೂಲು ಎಳೆದುಕೊಂಡು ಹತ್ತಿ, ಮೇನ್ ಆಫ್ ಮಾಡಿ, ಫ್ಯೂಜಿಗೆ ಹೊಸ ತಂತಿ ಸುತ್ತಿ ಕೆಳಗಿಳಿದಳು. ಹತ್ತನೆಯ ವಯಸ್ಸಿಗೇ ಅಪ್ಪ ಕಲಿಸಿದ್ದ ವಿದ್ಯೆ. ಇಳಿಯುವಾಗ ಗಂಡನಿಗೆ ಇಷ್ಟೇ ಹೇಳಿದಳು:

"ಕರೆಂಟು ಕೈಕಟ್ಟಿ ನಿಂತಿತ್ತು ರೀ. ಈಗ ಕೈ ಬಿಚ್ಚಿಸಿದೀನಿ."

ಹೊಸ ಮೀಟರು ಒಂದೂವರೆ ಗಂಟೆ ಬದುಕಿತ್ತು. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ. ಕಾಗುಣಿತ ಮಾವನ ಮುಂದೆ ಹೋಗಿ ನಿಂತು, ಕಡ್ಡಿ ಎಲ್ಲಿಡಬೇಕಿತ್ತು ಎಂದು ವಿನಯದಿಂದ ಕೇಳಿದ. ಹದಿನೆಂಟು ವರ್ಷಗಳಲ್ಲಿ ಅವನು ಮಾವನನ್ನು ಕೆಲಸದ ವಿಷಯ ಕೇಳಿದ್ದು ಅದೇ ಮೊದಲು. ಮಾವ ತಮ್ಮ ಚೀಲದಿಂದ ಚರ್ಮದ ಪೆಟ್ಟಿಗೆಯೊಂದನ್ನು ತೆಗೆಸಿದರು. ಒಳಗೆ ಮುಳ್ಳು ಓಡುವ ಹಳೆಯ ಕಾಲದ ದೊಡ್ಡ ಮೀಟರು.

"ಇದನ್ನ ನಾನು ಯಾರ ಕೈಗೂ ಕೊಟ್ಟೋನಲ್ಲ."

"ಜೋಪಾನ ಮಾಡ್ತೀನಿ ಮಾವ."

"ಮೇನ್ ಆಫ್ ಮಾಡಿ ಜೋಪಾನ ಮಾಡಿ."

ಈ ಸಲ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು. ದಾರಿ ಕಡಿದು, ಮಧ್ಯ ಮೀಟರು ಸೇರಿಸಿ, ಮಾವ ಕುರ್ಚಿಯಲ್ಲೇ ಕೂತು ಕಣ್ಣಿಟ್ಟು ಕಾಯುತ್ತಿರಲು ಕಾಗುಣಿತ ಸ್ವಿಚ್ಚು ಒತ್ತಿದ. ಮುಳ್ಳು ಎದ್ದು ಕಾಲು ಆಂಪಿಯರಿನ ಗೆರೆಯ ಮೇಲೆ ನಿಂತಿತು. ಇನ್ನೂರ ಮೂವತ್ತನ್ನು ಕಾಲು ಆಂಪಿಯರಿನಿಂದ ಭಾಗಿಸಿದರೆ ಒಂಬೈನೂರ ಇಪ್ಪತ್ತು ಓಮ್! ಅರ್ಧ ಮಾಡಿದರೆ ನಾನೂರ ಅರವತ್ತು! ಕಾಗುಣಿತ ಈ ಲೆಕ್ಕವನ್ನು ದುಂಡಕ್ಷರದಲ್ಲಿ ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದು ಮಾವನ ಕೈಗಿತ್ತ. ಮಾವ ಕನ್ನಡಕ ಹಾಕಿಕೊಂಡರು. ಕಾಗದವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಹೂಂ," ಎಂದರು.

"ಅಪ್ಪ, ಅರ್ಧ ಮಾಡಿದ್ರೆ ಬಿಸಿ ಕಮ್ಮಿ ಆಗೋದು ಸರೀನಾ?" ಎಂದು ಮಗಳು ಕೇಳಿದಳು.

"ಲೆಕ್ಕ ಹಾಕಿದಾರಲ್ಲಮ್ಮಾ. ಎಷ್ಟು ನೀಟಾಗಿದೆ ನೋಡು. ಒಂದೇ ಒಂದು ಚಿತ್ತು ಇಲ್ಲ."

ಆ ಸಂಜೆ ಊಟದ ಮೇಜಿನ ಮೇಲೆ ಪ್ಯಾಡಿಗೆ ಶಸ್ತ್ರಚಿಕಿತ್ಸೆ ಆಯಿತು. ಹೊಲಿಗೆ ಬಿಚ್ಚಿದಾಗ ಒಳಗೆ ತಂತಿ ಎಂಟು ಮಡಿಕೆಯಾಗಿ ಮಲಗಿತ್ತು. ಕಾಗುಣಿತ ಅದನ್ನು ಸರಿಯಾಗಿ ನಡುವೆ ಕತ್ತರಿಸಿ, ಎರಡನೆಯ ಪ್ಯಾರಾ ಕೈಬಿಡುವಷ್ಟೇ ನಿರಾಳವಾಗಿ ಅರ್ಧ ತಂತಿ ಎಳೆದು ಎಸೆದ. ಉಳಿದ ತಂತಿಯ ತುದಿಯಲ್ಲಿ ಮಣಿಯಂಥ ಪುಟ್ಟ ವಸ್ತುವೊಂದು ಸೇರಿಕೊಂಡಿತ್ತು. ಅದಕ್ಕೆ ಹಿಂದೆ ಮುಂದೆ ಸಂಬಂಧವೇ ಕಾಣಲಿಲ್ಲ. ಕರಡಿನಲ್ಲಿ ಇಂಥ ಚುಕ್ಕೆಗಳು ಅವನಿಗೆ ದಿನಕ್ಕೆ ಇಪ್ಪತ್ತು ಸಿಗುತ್ತಿದ್ದವು. ಅಚ್ಚಿನ ಕಸ! ಕೈ ತಾನಾಗಿ ಗಾಳಿಯಲ್ಲಿ 'ತೆಗೆದುಹಾಕಿ' ಎಂಬ ಸುರುಳಿ ಗುರುತು ಬರೆಯಿತು. ಮಣಿ ಕಸದ ಬುಟ್ಟಿಗೆ ಹೋಯಿತು. ತಂತಿ ಜೋಡಿಸಿ, ಟೇಪು ಸುತ್ತಿ, ಮಾವನ ಮೀಟರಿನಿಂದ ಅಳೆದು ನೋಡಿದರೆ ಸರಿಯಾಗಿ ನಾನೂರ ಅರವತ್ತು!

ಲೆಕ್ಕದಲ್ಲಿ ತಪ್ಪಿರಲಿಲ್ಲ ಎಂಬುದನ್ನು ಕಾಗುಣಿತ ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಬಿಟ್ಟುಕೊಡಬೇಕಾಗಿಯೂ ಇರಲಿಲ್ಲ. ಅಷ್ಟು ಸರಿಯಾದ ಲೆಕ್ಕದಿಂದ ಅಷ್ಟು ದೊಡ್ಡ ಅನಾಹುತ ಅದಕ್ಕೆ ಮುಂಚೆ ಯಾರೂ ಮಾಡಿರಲಾರರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾವನನ್ನು ನೋಡಲು ಅವರ ಹಳೆಯ ಜೊತೆಗಾರರು ಬಂದರು. ಒಬ್ಬರಿಗೆ ಏಣಿ ಎಂದು ಅಡ್ಡಹೆಸರು. ಕಂಬ ಹತ್ತಲು ಅವರಿಗೆ ಅರ್ಧ ಏಣಿಯೇ ಸಾಕಾಗುತ್ತಿತ್ತಂತೆ. ಇನ್ನೊಬ್ಬರಿಗೆ ಗ್ಲೌಸು ಎಂದು ಅಡ್ಡಹೆಸರು. ರಬ್ಬರ್ ಗ್ಲೌಸು ಹಾಕದೆ ಅನ್ನವನ್ನೂ ಕಲಸದ ಮನುಷ್ಯ ಎಂದು ಇಲಾಖೆಯಲ್ಲೆಲ್ಲ ಪ್ರಸಿದ್ಧಿ. ಮಾವ ನಡುಮನೆಯ ಒರಗುಕುರ್ಚಿಯಲ್ಲಿ ರಾಜನಂತೆ ಕೂತಿದ್ದರು. ರಿಪೇರಿಯಾದ ಪ್ಯಾಡಿನ ಮೇಲರ್ಧ ಬೆನ್ನಿಗೆ, ಕೆಳಗಿನರ್ಧ ಕೂತಲ್ಲಿಗೆ. ತಂತಿ ಉಳಿದಿದ್ದುದು ಕೆಳಗಿನರ್ಧದಲ್ಲಿ. ಕಾಗುಣಿತ ಸ್ವಿಚ್ಚು ಹಾಕಿ, ಕೈ ಹಿಂದೆ ಕಟ್ಟಿಕೊಂಡು, ಶಭಾಷ್ ಎಂದರೆ ಕೇಳುವಷ್ಟು ಹತ್ತಿರದಲ್ಲಿ ನಿಂತ.

"ಹೊಸ ಪ್ಯಾಡೇನಯ್ಯಾ?" ಎಂದರು ಏಣಿ.

"ಹಳೇದೇ. ನಮ್ಮ ಅಳಿಯಂದ್ರು ಬಿಸಿ ಅರ್ಧ ಮಾಡಿಕೊಟ್ರು. ಲೆಕ್ಕ ಹಾಕಿ!"

"ಲೆಕ್ಕ ಹಾಕೀ?" ಗ್ಲೌಸು ಬೆರಗಾದರು. "ನಾವು ಮೂವತ್ತೈದು ವರ್ಷ ಒಂದು ಲೆಕ್ಕಾನೂ ಹಾಕಲಿಲ್ಲವಲ್ಲೋ!"

"ನಾವು ಹತ್ತೋರು, ಇವರು ಓದೋರು. ಓಮ್‌ನ ನಿಯಮ ಅಂತೆ. ಚಿತ್ತಿಲ್ಲದೆ ಬರೆದಿದಾರೆ, ಕಾಗದ ನನ್ನ ಹತ್ರಾನೇ ಇದೆ."

ಮಾವ ಜೇಬಿನಿಂದ ಕಾಗದ ತೆಗೆದು ಜೊತೆಗಾರರಿಗೆ ತೋರಿಸಿದರು! ಕಾಗುಣಿತನಿಗೆ ನೆಲ ಒಂದು ಗೇಣು ಕೆಳಗೆ ಹೋದಂತಾಯಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲೂ ಅಪರೂಪದ ಒಂದು ನಗು. ಐದು ನಿಮಿಷ ಕಳೆಯಿತು.

"ಬಿಸಿ ಹೇಗಿದೆ ಮಾವ?"

"ಹಿತವಾಗಿದೆ. ಬಹಳ ಹಿತವಾಗಿದೆ."

ಹತ್ತು ನಿಮಿಷ ಕಳೆಯಿತು. ಮಾವನ ಹಣೆಯಲ್ಲಿ ಬೆವರು ಸಾಲುಗಟ್ಟಿತು.

"ಬೆವರ್ತಾ ಇದೀಯಲ್ಲೋ," ಎಂದರು ಏಣಿ.

"ಲೆಕ್ಕ ಕೆಲಸ ಮಾಡ್ತಾ ಇದೆ."

ಪಾಪ, ಮಾವನ ಸಂಕಟ ಈಗ ಯೋಚಿಸಿದರೆ ಅರ್ಥವಾಗುತ್ತದೆ. ಹದಿನೆಂಟು ವರ್ಷ ಹೊಗಳದೆ ಇದ್ದ ಅಳಿಯನನ್ನು ಆಗಷ್ಟೇ ಇಬ್ಬರ ಮುಂದೆ ಹೊಗಳಿದ್ದಾರೆ. ಹತ್ತೇ ನಿಮಿಷದಲ್ಲಿ ಆ ಹೊಗಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಬೆನ್ನು ತಣ್ಣಗೆ, ಕೂತಲ್ಲಿ ಕೆಂಡ! ಅವರು ಎಡಕ್ಕೆ ವಾಲಿದರು. ಸ್ವಲ್ಪ ಹೊತ್ತಿಗೆ ಬಲಕ್ಕೆ ವಾಲಿದರು. ಆಮೇಲೆ ಎರಡೂ ಕೈಗಳನ್ನು ಕುರ್ಚಿಯ ತೋಳಿಗೆ ಊರಿ, ನಿಜವಾಗಿ ಕೂರದೆಯೇ ಕೂತಂತೆ ಕಾಣುವ ಒಂದು ಭಂಗಿ ಕಂಡುಕೊಂಡರು.

ಅಷ್ಟರಲ್ಲಿ ಗ್ಲೌಸು ಮೂಗರಳಿಸಿದರು. "ಏನೋ ಸುಟ್ಟ ವಾಸನೆ."

ಏಣಿ ಕಣ್ಣು ಮುಚ್ಚಿ ಗಾಳಿ ಎಳೆದುಕೊಂಡರು. "ಹತ್ತಿ."

"ಹತ್ತಿ ಎಲ್ಲಿ ಬಂತು? ರಬ್ಬರು ಇದು."

"ನಿನಗೆ ಎಲ್ಲಾ ರಬ್ಬರೇ! ಮೊದಲು ಹತ್ತಿ, ಅದರ ಹಿಂದೆ ರಬ್ಬರು. ಜೊತೇಲಿ ಇನ್ನೇನೋ ಇದೆ... ಟೆರಿಲಿನ್ನಾ?"

ಟೆರಿಲಿನ್ ಎಂದರೆ ಮಾವನ ಪ್ಯಾಂಟು. ವೃತ್ತಿಯಲ್ಲಿ ಪಳಗಿದ ಎರಡು ಮೂಗುಗಳು ಹೀಗೆ ವಾದ ಮಾಡುತ್ತಿರುವಾಗ ಮಾವ ಕಾಗುಣಿತನತ್ತ ತಿರುಗಿದರು. ತುಟಿ ತೆರೆದರು. "ಶ..." ಎಂದರು. ಕಾಗುಣಿತ ಒಂದು ಹೆಜ್ಜೆ ಮುಂದೆ ಬಂದ. ಬಂತು! ಬಂದೇಬಿಟ್ಟಿತು!

"ಶ್ಶ್ಶ್... ಅಯ್ಯಯ್ಯಯ್ಯೋ!"

ಇಬ್ಬರು ಹಿಡಿದು ಎಬ್ಬಿಸಬೇಕಾಗಿದ್ದ ಮನುಷ್ಯ ಒಂದೇ ನೆಗೆತಕ್ಕೆ ಕುರ್ಚಿಯಿಂದ ಟೀಪಾಯಿ ದಾಟಿ ನಡುಮನೆಯ ಮಧ್ಯೆ ನಿಂತರು. ಹಿಂದೆ ಕುರ್ಚಿಯಿಂದ ಬೂದು ಬಣ್ಣದ ಹೊಗೆ ಸಾವಕಾಶವಾಗಿ ಎದ್ದಿತು. ಪ್ಯಾಂಟಿನ ಹಿಂಭಾಗದಲ್ಲಿ ತಂತಿಯ ನಾಲ್ಕು ಮಡಿಕೆಗಳೂ ಕಂದು ಗೆರೆಗಳಾಗಿ ಅಚ್ಚೊತ್ತಿದ್ದವು. ಅಷ್ಟು ಸ್ಪಷ್ಟ ಅಚ್ಚು ಪ್ರೆಸ್ಸಿನಲ್ಲೂ ಬಿದ್ದಿರಲಿಲ್ಲ.

"ಮೇನ್ ಆಫ್!" ಎಂದು ಮೂವರು ಲೈನ್‌ಮನ್ನರೂ ಒಟ್ಟಿಗೆ ಕೂಗಿ, ಒಟ್ಟಿಗೆ ಓಡಿ, ಪಡಸಾಲೆಯ ಬಾಗಿಲಲ್ಲಿ ಒಟ್ಟಿಗೆ ಸಿಕ್ಕಿಹಾಕಿಕೊಂಡರು. ಹೆಂಡತಿ ನೆಟ್ಟಗೆ ನಡೆದು ಬಂದು ಪ್ಲಗ್ಗು ಕಿತ್ತಳು. ಅನಾಹುತ ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಕಾಗುಣಿತನೂ ಏನಾದರೂ ಮಾಡಬೇಕಲ್ಲ? ಟೀಪಾಯಿಯ ಮೇಲಿದ್ದ ಹೂದಾನಿ ಎತ್ತಿಕೊಂಡ.

"ನೀರು ಬೇಡ ರೀ! ಕರೆಂಟಿನ ಸಾಮಾನಿಗೆ ನೀರು ಹಾಕಬಾರದು!"

ಸರಿಯಾದ ಮಾತು. ಕಾಗುಣಿತ ಪ್ಯಾಡಿಗೆ ನೀರು ಹಾಕಲಿಲ್ಲ. ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಮಾವನಿಗೆ ಹಾಕಿದ. ಹೂವಿನ ಸಮೇತ.

ಸುಟ್ಟ ಗಾಯ ದೊಡ್ಡದೇನಾಗಿರಲಿಲ್ಲ. ಔಷಧಿ ಅಂಗಡಿಯವಳ ಮನೆಯಲ್ಲಿ ಮುಲಾಮಿಗೆ ಬರವೇ? ಆದರೆ ಮಾವ ಆ ದಿನವೆಲ್ಲ ಮಾತಾಡಲಿಲ್ಲ. ಬೈದಿದ್ದರೆ ಕಾಗುಣಿತನಿಗೆ ಹಗುರವಾಗುತ್ತಿತ್ತು. ರಾತ್ರಿ ಊಟಕ್ಕೆ ನಿಂತುಕೊಂಡೇ ತಟ್ಟೆ ಹಿಡಿದವರು ಒಂದೇ ಒಂದು ಮಾತು ಆಡಿದರು:

"ಅಳಿಯಂದ್ರೇ, ಮೇನ್ ಆಫ್ ಮಾಡಿ ಆ ಉಪ್ಪಿನ ಡಬ್ಬಿ ಕೊಡಿ."

ಸೋಮವಾರ ಕಾಗುಣಿತ ಪ್ರೆಸ್ಸಿಗೆ ಬಂದವನು ಕುರ್ಚಿಯಲ್ಲಿ ಕೂರಲೂ ಇಲ್ಲ. ನೂರ ಹದಿಮೂರನೆಯ ಪುಟವನ್ನು ಎದುರು ಮೇಜಿಗೆ ಬಡಿದ.

"ಈ ಪುಸ್ತಕ ಸುಳ್ಳು ಕಣಯ್ಯಾ! ಏಳು ಮುದ್ರಣ! ಎಷ್ಟು ಮಕ್ಕಳ ಮಾವಂದಿರು ಸುಟ್ಟುಕೊಂಡಿರಬೇಕು!"

"ಮಕ್ಕಳಿಗೆ ಮಾವ ಎಲ್ಲಿಂದ ಬರ್ತಾರೆ? ಏನಾಯ್ತು ಹೇಳು ಗುರುವೇ."

ಕಾಗುಣಿತ ಎಲ್ಲವನ್ನೂ ಹೇಳಿದ. ಎದುರು ಮೇಜಿನವನು ಎರಡು ಸಲ ಮೇಜಿನ ಕೆಳಗೆ ಬಗ್ಗಿ ಬಿದ್ದಿರದ ಪೆನ್ನನ್ನು ಹುಡುಕಿದ. ಆಮೇಲೆ ಮುಖ ಸರಿಮಾಡಿಕೊಂಡು, "ಆ ಪುಟದ ಕೊನೇ ಸಾಲು ಓದು," ಎಂದ.

ಕಾಗುಣಿತ ಓದಿದ: "'ರೋಧದಿಂದಲೇ ಶಾಖ ಹುಟ್ಟುವುದರಿಂದ, ರೋಧ ಕಡಿಮೆಯಾದರೆ ಶಾಖವೂ ಕಡಿಮೆಯಾಗುತ್ತದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ'... ನೋಡಿದೆಯಾ? ಸ್ಪಷ್ಟವಾಗಿ ಹೇಳಿದಾನೆ!"

"ಆದರೆ?"

"ಏನು ಆದರೆ?"

"ಅಲ್ಲಿದೆಯಲ್ಲ, 'ಆದರೆ'."

"ಹೌದು, ಇದೆ. ಕಾಗುಣಿತ ಸರಿಯಾಗೇ ಇದೆ. ಏಳು ಮುದ್ರಣದಲ್ಲೂ ನಾನೇ ನೋಡಿದೀನಿ."

ಎದುರು ಮೇಜಿನವನು ತನ್ನ ಕಟ್ಟಿನಿಂದ ನೂರ ಹದಿನಾಲ್ಕನೆಯ ಪುಟ ಎಳೆದು ಅದರ ಪಕ್ಕಕ್ಕೆ ಇಟ್ಟ. ಆ ಎರಡು ಪುಟಗಳು ಆ ಪ್ರೆಸ್ಸಿನಲ್ಲಿ ಒಬ್ಬನೇ ಮನುಷ್ಯನ ಕಣ್ಣಿಗೆ ಒಟ್ಟಿಗೆ ಬಿದ್ದದ್ದು ಅದೇ ಮೊದಲು. 'ಮನೆಗೆ ಬರುವ ವೋಲ್ಟೇಜು ಬದಲಾಗದೆ ಇರುವುದರಿಂದ ಇದು ತಪ್ಪು. ರೋಧ ಅರ್ಧವಾದರೆ ಪ್ರವಾಹ ಎರಡರಷ್ಟಾಗುತ್ತದೆ, ಶಾಖವೂ ಎರಡರಷ್ಟಾಗುತ್ತದೆ.' ಕೆಳಗೆ ಸಣ್ಣ ಅಕ್ಷರದಲ್ಲಿ: 'ಇಂಥ ಸಾಧನಗಳಲ್ಲಿ ಶಾಖ ಮಿತಿಮೀರಿದರೆ ಪ್ರವಾಹವನ್ನು ತಾನಾಗಿ ತಡೆಯಲು ಮಣಿಯಂಥ ಪುಟ್ಟ ಭಾಗವೊಂದಿರುತ್ತದೆ. ಅದನ್ನು ಯಾವ ಕಾರಣಕ್ಕೂ ತೆಗೆಯಬಾರದು.'

ಎರಡರಷ್ಟು ಶಾಖ, ಅದೂ ಅರ್ಧ ಜಾಗದಲ್ಲಿ! ಅಂದರೆ ಕೂತಲ್ಲಿಗೆ ನಾಲ್ಕರಷ್ಟು! ಕಾಗುಣಿತ ಪೆನ್ಸಿಲು ಹಿಡಿದು ಈ ಲೆಕ್ಕ ಮಾಡಿದ. ಇದೂ ಚಿತ್ತಿಲ್ಲದೆ ಬಂತು. ಆಮೇಲೆ ನಿಧಾನವಾಗಿ ಕುರ್ಚಿಯಲ್ಲಿ ಕುಸಿದ.

"ನನ್ನ ಮಾವ ಸಮಪುಟದಲ್ಲಿ ಸುಟ್ಟುಹೋದರಲ್ಲೋ!"

ಸಂಜೆ ಅವನು ಎರಡೂ ಪುಟಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದ. ಮಾವ ಕಿಟಕಿಯ ಹತ್ತಿರ ನಿಂತಿದ್ದರು. ಕೂರುವ ಕಾಲ ಇನ್ನೂ ಬಂದಿರಲಿಲ್ಲ. ಕಾಗುಣಿತನೂ ಅವರೆದುರು ನಿಂತು, ಪರೀಕ್ಷೆಯಲ್ಲಿ ನಪಾಸಾದವನಂತೆ ತಲೆ ತಗ್ಗಿಸಿ, ಎರಡೂ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ಮಣಿಯ ವಿಷಯವನ್ನೂ ಬಿಡಲಿಲ್ಲ. ಬಾಗಿಲಲ್ಲಿ ನಿಂತ ಹೆಂಡತಿ ಮೊದಲು ಗಂಡನನ್ನು, ಆಮೇಲೆ ಅಪ್ಪನನ್ನು ನೋಡಿದಳು.

"ತಪ್ಪು ನನ್ನದೇ ಮಾವ. ಅರ್ಧ ಓದಿ ಪೂರ್ತಿ ಮಾಡಿಬಿಟ್ಟೆ."

ಮಾವ ಕಿಟಕಿಯ ಹೊರಗೆ, ಬೀದಿಯ ಕಂಬದ ಕಡೆ ತಿರುಗಿದರು.

"ಅಪ್ಪ, ಏನಾದ್ರೂ ಹೇಳು," ಎಂದಳು ಮಗಳು.

"ಏನು ಹೇಳೋದಮ್ಮಾ? ಮೊನ್ನೆ ಇವರು ಕಾಗದ ಕೊಟ್ಟಾಗ ನಾನು ಹೂಂ ಅಂದೆನಲ್ಲ, ಅದು ಅರ್ಥ ಆಗಿ ಅಂದದ್ದಲ್ಲ. ಮೂವತ್ತೈದು ವರ್ಷ ಕರೆಂಟಿನ ಜೊತೆ ಇದ್ದೋನು, ಲೆಕ್ಕ ಬರಲ್ಲ ಅಂತ ಅಳಿಯನ ಮುಂದೆ ಹೇಗೆ ಹೇಳ್ಲಿ? ಮಾನ ಉಳಿಸ್ಕೊಳ್ಳೋಕೆ ಹೂಂ ಅಂದೆ. ಪ್ಯಾಂಟು ಹೋಯ್ತು."

ಮೊದಲು ನಕ್ಕವಳು ಹೆಂಡತಿ. ಅವಳು ನಕ್ಕದ್ದು ನೋಡಿ ಮಾವ ನಕ್ಕರು. ನಗುವಾಗ ಗಾಯ ಎಳೆದು "ಅಯ್ಯೋ" ಎಂದರು, ಎಂದು ಮತ್ತೆ ನಕ್ಕರು. ಕಾಗುಣಿತನ ಕಣ್ಣು ಮಂಜಾಯಿತು. ಮಾವ ಕೈ ಚಾಚಿ ಪುಟಗಳನ್ನು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ನೂರ ಹದಿನಾಲ್ಕನೆಯದನ್ನು ಬೆರಳಿಟ್ಟು ತಾವೇ ಓದಿದರು. ಎರಡು ಸಲ ಓದಿದರು. ಈ ಸಲದ "ಹೂಂ" ಬೇರೆ ಥರ ಇತ್ತು.

"ಎಷ್ಟು ಚೆನ್ನಾಗಿದೆ! ಇಷ್ಟು ವರ್ಷ ಕೈಯಲ್ಲಿ ಗೊತ್ತಿದ್ದದ್ದು ಇವತ್ತು ತಲೆಗೆ ಬಂತು. ಅಳಿಯಂದ್ರೇ..."

"ಹೇಳಿ ಮಾವ!"

"ಈ ಪುಟ ತಿದ್ದಿದ್ದು ಯಾರು?"

"ನನ್ನ ಎದುರು ಮೇಜಿನಲ್ಲಿ ಕೂರ್ತಾನಲ್ಲ, ಅವನು."

"ಒಂದಕ್ಷರ ತಪ್ಪಿಲ್ಲ. ಅವರಿಗೆ ನನ್ನ ಕಡೆಯಿಂದ ಶಭಾಷ್ ಅಂತ ಹೇಳಿ!"

ಮಂಗಳವಾರ ಬೆಳಿಗ್ಗೆ ಕಾಗುಣಿತ ಪ್ರೆಸ್ಸಿಗೆ ಬಂದು, ಎದುರು ಮೇಜಿನ ಮುಂದೆ ನೆಟ್ಟಗೆ ನಿಂತು, ಸ್ವಂತ ಆಸ್ತಿಯನ್ನು ಪರರಿಗೆ ಬರೆದುಕೊಡುವವನ ಮುಖದಲ್ಲಿ ಹೇಳಿದ:

"ತಗೋ. ನಮ್ಮ ಮಾವ ಕೊಟ್ಟಿದ್ದು. ಶಭಾಷ್! ಹದಿನೆಂಟು ವರ್ಷ ಕಾದೋನು ನಾನು, ಒಂದು ಪುಟಕ್ಕೆ ಹೊಡ್ಕೊಂಡೋನು ನೀನು. ಅಲ್ಲವೋ, ಆ ಪುಟ ಅಷ್ಟು ಚೆನ್ನಾಗಿ ಅರ್ಥ ಆಗಿದ್ದರೆ ನನಗೆ ಒಂದು ದಿನ ಮುಂಚೆ ಹೇಳಬಾರದಾಗಿತ್ತೇ?"

ಎದುರು ಮೇಜಿನವನು ಪೆನ್ಸಿಲು ಕೆಳಗಿಟ್ಟ.

"ನನಗೆಲ್ಲಿ ಅರ್ಥ ಆಗಿತ್ತು ಗುರುವೇ? ನನ್ನ ಪುಟ ಶುರುವಾಗೋದೇ 'ಇದು ತಪ್ಪು' ಅಂತ. ಏಳು ಮುದ್ರಣದಿಂದ ಯೋಚನೆ ಮಾಡ್ತಾ ಇದೀನಿ, ಯಾವುದು ತಪ್ಪು ಅಂತ. ನಿನ್ನೆ ನೀನು ಮಾವನ್ನ ಸುಟ್ಟುಕೊಂಡು ಬಂದೆ ನೋಡು, ಆಗ ಗೊತ್ತಾಯ್ತು!"